ಬಾಲ ಬಿಟ್ಟು ಹಲ್ಲು ನೋಡಿದವಳು

ಅವಳ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತದೆ. ಜೆರಾಕ್ಸ್ ಮಿಷನ್ನಿನ ಮಸಿ, ತಿಕ್ಕಿದರೂ ಹೋಗುವುದಿಲ್ಲ. ಮಳವಳ್ಳಿ ಬಸ್ ನಿಲ್ದಾಣದ ಹಿಂದೆ ಅವಳ ಅಂಗಡಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಹಣಿ ತೆಗೆಸಲು ಅಲ್ಲಿಗೇ ಹೋಗುವುದು. ಮಾತು ಕಮ್ಮಿ, ಮುಖ ಗಂಟು. ನನಗೆ ಅಂಥವರೇ ಸರಿ.

ಮೊಮ್ಮಗಳ ಮದುವೆಗೆ ಎಂಟು ದಿನ ಉಳಿದಿತ್ತು. ಹಸೆಗೆ ಕರೆಯುವಾಗ ಹಾಡುವ ನಮ್ಮ ಮನೆಯ ಸೋಬಾನೆ ಪದ ಪೂರ್ತಿ ಬರುತ್ತಿದ್ದದ್ದು ತೀರಿಹೋದ ನಮ್ಮಕ್ಕನಿಗೆ ಮಾತ್ರ. ನನಗೆ ಎರಡು ನುಡಿ ದಾಟಿದರೆ ಮರೆವು. ನನ್ನ ಮಗಳ ಮದುವೆಯ ಸಿ.ಡಿ.ಯಲ್ಲಿ ಅಕ್ಕ ಹಾಡಿದ್ದು ಇತ್ತು. ಆ ಸಿ.ಡಿ. ಒಡೆದುಹೋಯಿತು. ಅಳಿಯ ಮುಂಚೆಯೇ ಪೆನ್‌ಡ್ರೈವಿಗೆ ಹಾಕಿಟ್ಟದ್ದೊಂದೇ ಉಳಿದದ್ದು. ಟಿ.ವಿ.ಗೆ ಸಿಕ್ಕಿಸಿದರೆ ಏನೂ ಬರಲಿಲ್ಲ.

ಮೊಬೈಲ್ ಅಂಗಡಿಯವನಿಗೆ ತೋರಿಸಿದೆ. “ಹೆಸರಿನ ಕೊನೇಲಿ ಡಿಎಟಿ ಅಂತ ಅದೆ. ಇದು ಹಾಡಲ್ಲ ಕಣಜ್ಜಿ, ಕಂಪ್ಯೂಟರಿನ ಯಾವ್ದೋ ಕಸ. ಅಳಿಸ್ಬುಡ್ಲಾ?” ಅಂದ.

“ನಿನ್ ಕೈ ಅಲ್ಲೇ ಇರ್ಲಿ” ಎಂದು ಕಿತ್ತುಕೊಂಡು ಈ ಜೆರಾಕ್ಸ್ ಅಂಗಡಿಯವಳ ಹತ್ತಿರ ಬಂದೆ.

ಇವಳು ಮೊದಲು ಒಂದು ನಕಲು ಮಾಡಿಕೊಂಡಳು. ಯಾರದೇ ಆಗಲಿ, ಅಸಲು ಮುಟ್ಟುವವಳಲ್ಲ. ಆಮೇಲೆ ಆ ನಕಲನ್ನು ಬರಹ ತೋರಿಸುವ ನೋಟ್‌ಪ್ಯಾಡಿನಲ್ಲಿ ತೆರೆದಳು. ಪರದೆ ತುಂಬ ಅರ್ಥವಿಲ್ಲದ ಗೀಟು.

“ಇದೇನಮ್ಮಿ, ಇರುವೆ ಗೂಡು ಕೆದ್ರುದಂಗದೆ?”

“ತಡಿಯಜ್ಜಿ. ಡಿಎಟಿ ಅನ್ನೋ ಬಾಲ ಯಾವ್ದಕ್ ಬೇಕಾದ್ರೂ ಇಡ್ತಾರೆ. ನಿಮ್ಮನೇಗೆ ಎತ್ತು ತರೋವಾಗ ಬಾಲ ನೋಡಿ ವಯಸ್ಸು ಯೋಳ್ತೀರಾ?”

“ಬಾಯ್ ಬುಡ್ಸಿ ಹಲ್ ನೋಡ್ತೀವಿ.”

“ಇದ್ಕೂ ಮೊದಲ್ನೇ ಸಾಲೇ ಹಲ್ಲು.” ಕಪ್ಪು ಉಗುರನ್ನು ಮೊದಲ ಅಕ್ಷರಗಳ ಮೇಲಿಟ್ಟಳು. “ಇಲ್ಲಿ ಸಿಡಿಎಕ್ಸ್‌ಎ ಅಂತದೆ ನೋಡು. ಇಂಗಿದ್ರೆ ಹಳೇ ಸಿ.ಡಿ. ವಿಡಿಯೋ.”

ಎಲ್ಲ ತರದ ವಿಡಿಯೋ ಓಡಿಸುವ ಬೇರೆ ಪ್ಲೇಯರಿನಲ್ಲಿ ಅದನ್ನು ಹಾಕಿದಳು. ಅಕ್ಕನ ದನಿ ಅಂಗಡಿ ತುಂಬ ಬಂತು, ನಡುವೆ ಕೆಮ್ಮಿದ್ದೂ ಬಂತು. ನಾನೇನೂ ಅಳಲಿಲ್ಲ. “ಮೂರನೇ ನುಡಿಯಿಂದ ಬರ್ಕೊ” ಅಂದೆ. ಕೆಟ್ಟ ಜೆರಾಕ್ಸ್ ಹಾಳೆಗಳ ಬೆನ್ನಿಗೆ ಒಂದು ನುಡಿಯೂ ಬಿಡದೆ ಬರೆದುಕೊಟ್ಟಳು.

ಮದ್ದೂರಿನ ಛತ್ರದಲ್ಲಿ ಏಳೂ ನುಡಿ ಹಾಡಿಯೇ ಹುಡುಗಿಯನ್ನು ಹಸೆಗೆ ಕರೆದೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಇವಳನ್ನು ನೋಡಿ ಬೀಗಿತ್ತಿ, “ಇವ್ರು ನಿಮಗೇನಾಗ್ಬೇಕು?” ಅಂದಳು.

“ನಮ್ಮಕ್ಕನ ಬಾಯಿ ಬುಡ್ಸಿದೋಳು” ಅಂದೆ.

ಬೀಗಿತ್ತಿ ಅವಳ ಉಗುರು ನೋಡುತ್ತಿದ್ದಳು. ನೋಡಲಿ. ಅದು ಎಲ್ಲರಿಗೂ ಕಾಣಲಿ ಅಂತಲೇ ನಾನು ಅವಳನ್ನು ಅಲ್ಲಿ ಕೂರಿಸಿದ್ದು.