ಬೂತಾಯಿಯ ಹೊಟ್ಟೆಯಲ್ಲಿದ್ದ ನೂಲು

ಕೊಚ್ಚಿಯ ಲ್ಯಾಬೊಂದರಲ್ಲಿ ಮೀನಿನ ಹೊಟ್ಟೆಯೊಳಗೆ ಪ್ಲಾಸ್ಟಿಕ್ ಹುಡುಕುವುದು ನನ್ನ ಕೆಲಸ. ಮೀನು ತಂದುಕೊಡುತ್ತಿದ್ದವರು ಫೋರ್ಟ್ ಕೊಚ್ಚಿಯ ಮೀನುಗಾರ, ನಾವೆಲ್ಲ ಅಣ್ಣ ಎನ್ನುವ ಆಂಟನಿ ಚೇಟ್ಟನ್. ಒಂದು ದಿನ ಬೂತಾಯಿ ಮೀನಿನ ಬುಟ್ಟಿ ಕೆಳಗಿಟ್ಟು, "ನಾನೂ ಒಮ್ಮೆ ನೋಡಬಹುದಾ ಮೋಳೇ?" ಎಂದರು, ಮಗಳನ್ನು ಕೇಳುವಂತೆ. ಹಿಂದಿನ ದಿನ ಅವರೇ ತಂದಿದ್ದ ಮೀನಿನಲ್ಲಿ ಸಿಕ್ಕಿದ್ದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಈ ನೀಲಿ ಎಳೆ ನನ್ನ ಬಲೆಯದ್ದು," ಎಂದರು ಮೆಲ್ಲಗೆ. ನನಗೆ ನಂಬಿಕೆ ಬರಲಿಲ್ಲ. ಲುಂಗಿಗೆ ಅಂಟಿದ್ದ ಬಲೆಯ ಚೂರೊಂದನ್ನು ಬಿಡಿಸಿ ಕೊಟ್ಟರು. ಪಕ್ಕದಲ್ಲಿಟ್ಟು ನೋಡಿದೆ. ಅದೇ ನೀಲಿ, ಅದೇ ಹೊಳಪು. ಕೂದಲಿಗಿಂತ ತೆಳ್ಳಗಿನ ಎಳೆಯಲ್ಲಿ ಅವರು ತಮ್ಮ ಬಲೆಯನ್ನು ಗುರುತು ಹಿಡಿದಿದ್ದರು. ಲ್ಯಾಬಿನ ದಾಖಲೆಯಲ್ಲಿ ಅದರ ಮುಂದೆ ನಾನು ಬರೆದಿದ್ದದ್ದು 'ಮೂಲ ತಿಳಿದಿಲ್ಲ' ಎಂದು.

"ನಾನೇ ತಿನ್ನಿಸಿದ ಹಾಗಾಯಿತಲ್ಲ," ಎಂದರು ಚೇಟ್ಟನ್. ಆಮೇಲೆ ಮತ್ತೆ ಬಗ್ಗಿ ನೋಡಿ, "ಆದರೆ ಈ ಕೆಂಪು ಎಳೆ ನನ್ನದಲ್ಲ," ಎಂದವರು ನಿಧಾನವಾಗಿ ನನ್ನ ತೋಳಿನತ್ತ ತಿರುಗಿದರು.

ಎಸಿಯ ಚಳಿಗೆ ನಾನು ದಿನಾ ಬಿಳಿ ಕೋಟಿನ ಮೇಲೊಂದು ಕೆಂಪು ಸ್ವೆಟರ್ ಹಾಕುತ್ತಿದ್ದೆ. ಎರಡು ತಿಂಗಳಿಂದ ಮೀನಿನ ಮೇಲೆ ಉದುರುತ್ತಿದ್ದ ಅದರ ಎಳೆಗಳನ್ನೆಲ್ಲ ಅರಬ್ಬೀ ಸಮುದ್ರದ ಹೆಸರಿಗೆ ಬರೆಯುತ್ತಿದ್ದೆ.