ಅಕ್ಷರ ಒಳಗೆ ಮಾಡಿ ಕಟ್ಟಿದ ಲೇಹ್ಯ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಹೋಟೆಲಿನಲ್ಲಿ ಯಾರಾದರೂ ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿದು, ಬಾಯಿಗೆ ದಾರ ಸುತ್ತಿ ಕೊಡಲು ಬಂದರೆ ನಾನು ಈಗಲೂ ಅಲ್ಲೇ ತಡೆದು, ಮನೆಯಿಂದ ತಂದ ಕ್ಯಾರಿಯರನ್ನು ಮುಂದೆ ಇಡುತ್ತೇನೆ. "ಎಲ್ರೂ ಇದ್ರಲ್ಲೇ ತಗೊಂಡೋಗ್ತಾರೆ ಅಜ್ಜಿ, ನಿಮ್ದೊಂದು" ಎಂದು ಅವರು ಗೊಣಗುತ್ತಾರೆ. "ತಗೊಂಡೋಗ್ಲಿ ಬುಡಪ್ಪ, ನಂಗೆ ಇದ್ರಲ್ಲಿ ಹಾಕು" ಎನ್ನುತ್ತೇನೆ. ನನಗೆ ಈ ಹಠ ಬಂದದ್ದು ಪುಸ್ತಕ ಓದಿ ಅಲ್ಲ, ಯಾರ ಭಾಷಣ ಕೇಳಿಯೂ ಅಲ್ಲ. ನನ್ನ ಕೈಯಾರೆ ಮಾಡಿಕೊಂಡ ಒಂದು ಬೆಪ್ಪು ಕೆಲಸದಿಂದ ಬಂತು.

ನನ್ನ ತವರು ಕುಣಿಗಲ್. ಮದುವೆಯಾಗಿ ತುಮಕೂರಿಗೆ ಬಂದಾಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಅತ್ತೆ ಬಾಣಂತಿ ಲೇಹ್ಯ ಮಾಡುವುದರಲ್ಲಿ ಹೆಸರುವಾಸಿ. ಬಾಗಿಲಿಗೆ ಬೋರ್ಡು ಗೀರ್ಡು ಏನೂ ಇರಲಿಲ್ಲ. ಆದರೂ ಬಾಣಂತಿ ಇರುವ ಮನೆಯವರು ಬೀದಿಯಲ್ಲಿ ಕೇಳಿಕೊಂಡು ಬರುತ್ತಿದ್ದರು. ಒಣಶುಂಠಿ, ಮೆಣಸು, ಹಿಪ್ಪಲಿ ಹುರಿದು ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ, ತುಪ್ಪ ಬಿಡುವ ತನಕ ತಿರುವಬೇಕು. ಹುರಿಯುವುದು, ಕುಟ್ಟುವುದು, ತಿರುವುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಕಟ್ಟುವುದನ್ನು ಮಾತ್ರ ಅತ್ತೆ ಮದುವೆಯಾಗಿ ಮೂರು ವರ್ಷವಾದರೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಆ ಕಟ್ಟುವ ಕೆಲಸವೋ, ಒಂದು ಪೂಜೆ ಇದ್ದ ಹಾಗೆ! ಲೇಹ್ಯ ಪೂರ್ತಿ ಆರಬೇಕು. ಬಾಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಬೇಕು, ಇಲ್ಲದಿದ್ದರೆ ಮಡಿಸುವಾಗ ಸೀಳುತ್ತದೆ. ಅದರ ಮೇಲೆ ಎರಡು ಮುತ್ತುಗದ ಎಲೆ, ಮೇಲೆ ಬಾಳೆ ನಾರಿನ ಗಂಟು. ಎಲೆ ತರುವ ಹೆಂಗಸನ್ನು ನಿಲ್ಲಿಸಿಕೊಂಡು ಅತ್ತೆ ಒಂದೊಂದು ಎಲೆಯನ್ನೂ ಮೂಸುತ್ತಿದ್ದರು. "ತೋಟಕ್ಕೆ ಔಷ್ದಿ ಹೊಡ್ದವ್ರೇನಮ್ಮಾ?" ಎಂದು ಕೇಳಿ, ಆಕೆ ಒಂದು ಗಳಿಗೆ ತಡವರಿಸಿದರೂ ಸಾಕು, ಇಡೀ ಕಂತೆಯನ್ನೇ ವಾಪಸ್ಸು ಕಳಿಸುತ್ತಿದ್ದರು. ಲೇಹ್ಯ ತಿಂದು ಮುಗಿಸಿದವರ ಮನೆಯಲ್ಲಿ ಆ ಎಲೆಗಳು ಹಸುವಿನ ಬಾಯಿಗೋ ತಿಪ್ಪೆಗೋ ಹೋಗುತ್ತಿದ್ದವು. ನನಗೆ ಇದೆಲ್ಲ ಅತಿಯಾಯಿತು ಅನಿಸುತ್ತಿತ್ತು. ಅಲ್ಲ, ಇಷ್ಟೆಲ್ಲ ಮಾಡಿಯೂ ಬಸ್ಸಿನಲ್ಲಿ ಹೋಗುವಾಗ ತುಪ್ಪ ಸೋರುತ್ತಿತ್ತಲ್ಲ!

ಅಷ್ಟರಲ್ಲಿ ನಮ್ಮ ಯಜಮಾನರಿಗೆ ಹಿರೇಹಳ್ಳಿಯ ಕಡೆ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಪ್ಲಾಸ್ಟಿಕ್ ಕವರುಗಳ ಮೇಲೆ ಅಕ್ಷರ ಅಚ್ಚು ಹಾಕುವ ಕೆಲಸ. ಅಚ್ಚು ಸೊಟ್ಟಗಾದ ಕವರುಗಳನ್ನು ಮನೆಗೆ ತೆಗೆದುಕೊಂಡು ಹೋಗಲು ಬಿಡುತ್ತಿದ್ದರಂತೆ. ಅವರು ಒಂದು ಸಂಜೆ ಒಂದು ಕಟ್ಟು ತಂದು ನನ್ನ ಮುಂದೆ ಹಾಕಿದಾಗ ನನಗೆ ಆದ ಸಂತೋಷ ಏನು ಹೇಳಲಿ, ರೇಷ್ಮೆ ಸೀರೆ ತಂದಿದ್ದರೂ ಅಷ್ಟು ಆಗುತ್ತಿರಲಿಲ್ಲ. ದಪ್ಪ ಕವರು, ನೀರು ತುಂಬಿದರೂ ಒಂದು ತೊಟ್ಟು ಸೋರದು. ಆ ಕಾಲದಲ್ಲಿ ನಾವು ಒಂದು ಕವರನ್ನು ಬಳಸಿ ಬಿಸಾಡುವುದೆಂದರೆ ಏನೆಂದೇ ಅರಿಯೆವು. ತೊಳೆದು, ಯಜಮಾನರ ಅಂಗಿಯ ಪಕ್ಕದಲ್ಲೇ ತಂತಿಗೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದಲೇ "ನಮ್ಗೂ ಒಂದೆರಡು ಕೊಡ್ರೀ" ಎಂದು ಕೇಳುತ್ತಿದ್ದರು.

ಆ ವರ್ಷ ನನ್ನ ತಂಗಿ ಹೆತ್ತಳು. ಅವಳನ್ನು ಗುಬ್ಬಿಗೆ ಕೊಟ್ಟಿತ್ತು. ಎರಡು ಸಲ ಗರ್ಭ ನಿಲ್ಲದೆ ಹೋಗಿ, ಮೂರನೆಯ ಸಲಕ್ಕೆ ಕುಣಿಗಲ್ಲಿನಲ್ಲಿ ನಮ್ಮ ಅಮ್ಮನ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಂಗಿ ಕಡ್ಡಿಯಂತೆ ಆಗಿದ್ದಳು. ಮಗುವೂ ಅಷ್ಟೇ, ಅಂಗೈ ಅಗಲ. ಸುದ್ದಿ ಬಂದ ದಿನವೇ ಅತ್ತೆ, "ನಿನ್ ತಂಗೀಗೆ ನಾನೇ ಲೇಹ್ಯ ಮಾಡ್ಕೊಡ್ತೀನಿ ಕಣೇ, ಯಾರ್ ಕೈಲೂ ಮಾಡಿಸ್ಬೇಡಿ ಅಂತ ನಿಮ್ಮಮ್ಮಂಗೆ ಹೇಳು" ಎಂದರು. ನನಗೆ ಕಣ್ಣು ತುಂಬಿ ಬಂತು.

ಭಾನುವಾರ ತಂಗಿಯ ಗಂಡ ಮಗು ನೋಡಲು ಗುಬ್ಬಿಯಿಂದ ಹೊರಟವನು ದಾರಿಯಲ್ಲಿ ನಮ್ಮ ಮನೆಗೆ ಬಂದ. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಮದುಮಗನ ಹಾಗೆ ಬಂದಿದ್ದ. "ಅಕ್ಕಾ, ಎಲೇಲಿ ಮಾತ್ರ ಕಟ್ಬೇಡಿ. ಹೋದ್ ಸಲ ಉಂಡೆ ಕಟ್ಕೊಟ್ರಲ್ಲ, ಬ್ಯಾಗೆಲ್ಲಾ ತುಪ್ಪ ಆಗೋಗಿತ್ತು" ಎಂದ. ಬಸ್ಸಿಗೆ ಹೊತ್ತಾಗುತ್ತಿತ್ತು, ಲೇಹ್ಯ ಇನ್ನೂ ಬಾಣಲೆಯಲ್ಲೇ ಬಿಸಿಯಾಗಿತ್ತು. ಅತ್ತೆ ಬೆವರು ಒರೆಸಿಕೊಳ್ಳುತ್ತಾ, "ಸರಿ, ನಿನ್ ತಂಗೀದು, ನೀನೇ ಕಟ್ಟು. ಒಸಿ ಆರಕ್ಕೆ ಬುಡು" ಎಂದು ಹಿತ್ತಲಿಗೆ ಹೋದರು. ನಾನು ಆರಲು ಬಿಡಲಿಲ್ಲ. ಬಸ್ಸು ಹೋದರೆ ಏನು ಗತಿ?

ಕವರು ತೆಗೆದೆ. ಮೇಲೆ ನೀಲಿ ಬಣ್ಣದಲ್ಲಿ ಇಷ್ಟಗಲ ಅಕ್ಷರ: ಬಟ್ಟೆ ಒಗೆಯುವ ಸೋಪಿನ ಪುಡಿಯ ಜಾಹೀರಾತು. ಅಯ್ಯೋ, ಬಾಣಂತಿಯ ಲೇಹ್ಯವನ್ನು ಸೋಪಿನ ಪುಡಿಯ ಕವರಿನಲ್ಲಿ ತವರಿಗೆ ಕಳಿಸುವುದೇ? ಅಮ್ಮನ ಮನೆಗೆ ಬಂದು ಹೋಗುವವರೆಲ್ಲ ನೋಡಿ ನಗುವುದಿಲ್ಲವೇ? ನನಗೆ ಮಾನದ ಪ್ರಶ್ನೆಯಾಯಿತು. ಒಂದು ಕ್ಷಣವೂ ಯೋಚಿಸದೆ ಕವರನ್ನು ತಿರುವಿದೆ. ಅಕ್ಷರ ಒಳಗೆ ಹೋಯಿತು, ನುಣ್ಣಗಿನ ಭಾಗ ಹೊರಗೆ ಬಂತು. ಎಷ್ಟು ಸಲ ತೊಳೆದರೂ ಹೋಗದ ಅಕ್ಷರ, ಅದೇನು ಮಾಡೀತು ಎಂದುಕೊಂಡೆ. ಬಿಸಿ ಲೇಹ್ಯವನ್ನು ಒಳಗೆ ಸುರಿದು, ಮೋಂಬತ್ತಿಯಲ್ಲಿ ಬಾಯಿ ಅಂಟಿಸಿ, ತಂಗಿಯ ಗಂಡನ ಕೈಗೆ ಕೊಟ್ಟೆ. ಮಿಕ್ಕ ಸ್ವಲ್ಪವನ್ನು ಅದೇ ತರಹದ ಇನ್ನೊಂದು ಕವರಿಗೆ ಹಾಕಿ ಮನೆಯಲ್ಲಿಟ್ಟೆ. ಅವನ ಅಂಗಿಗೆ ಒಂದು ಕಲೆಯೂ ಆಗದೆ ಅವನು ಹೊರಟದ್ದನ್ನು ನೋಡಿ ಬಹಳ ಜಾಣೆ ನಾನು ಎಂದು ಬೀಗಿದೆ.

ಬುಧವಾರ ಬೆಳಗ್ಗೆ ಅತ್ತೆ ಮನೆಯಲ್ಲಿದ್ದ ಲೇಹ್ಯವನ್ನು ಭರಣಿಗೆ ತುಂಬಿ ಮುಚ್ಚಿಟ್ಟು ಮಠಕ್ಕೆ ಹೋದರು. ಖಾಲಿ ಕವರನ್ನು ತೊಳೆಯೋಣ ಎಂದು ನಾನು ಬಚ್ಚಲಿಗೆ ಒಯ್ದು ತಿರುವಿದೆ. ಅಕ್ಷರ ಇರಲಿಲ್ಲ. ಇನ್ನೊಂದು ಮಗ್ಗುಲು ನೋಡಿದೆ, ಅಲ್ಲೂ ಇಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಅರ್ಧ ಅಕ್ಷರ ಉಳಿದಿತ್ತು. ಅದರ ಮೇಲೆ ಬೆರಳು ಆಡಿಸಿದರೆ ತುಪ್ಪದ ಜೊತೆ ನೀಲಿ ಬಣ್ಣ ಬೆರಳಿಗೆ ಬಂತು. ಮತ್ತೆ ಮಿಕ್ಕ ಅಕ್ಷರವೆಲ್ಲ ಎಲ್ಲಿ ಹೋಯಿತು?

ನೀರಿಗೆ ಜಗ್ಗದ ಬಣ್ಣ ಬಿಸಿ ತುಪ್ಪಕ್ಕೆ ಕರಗಿತ್ತು. ಕರಗಿದ್ದೆಲ್ಲ ಲೇಹ್ಯದೊಳಗೆ ಸೇರಿತ್ತು. ಕುಣಿಗಲ್ಲಿಗೆ ಹೋದ ಕವರೂ ಇದೇ ತರಹದ್ದು. ತಂಗಿ ತಿಂದರೆ ಅದು ಹಾಲಿನಲ್ಲಿ ಆ ಅಂಗೈ ಅಗಲದ ಮಗುವಿನ ಹೊಟ್ಟೆಗೆ ಹೋಗುತ್ತದೆ ಎಂದು ನೆನೆದದ್ದೇ ತಡ, ಕವರನ್ನು ಬಚ್ಚಲಲ್ಲೇ ಎಸೆದೆ. ಆಮೇಲೆ ಬೆರಳು ಮಡಿಸಿ ದಿನ ಎಣಿಸಿದೆ. ನಮ್ಮ ಅಮ್ಮನ ಮನೆಯಲ್ಲಿ ಹನ್ನೊಂದನೆಯ ದಿನದ ನೀರು ಹಾಕಿದ ಮೇಲೆಯೇ ಬಾಣಂತಿಗೆ ಲೇಹ್ಯ ಕೊಡಲು ಶುರು ಮಾಡುವುದು. ಅಲ್ಲಿಯ ತನಕ ಮುಟ್ಟಿಸುವುದೂ ಇಲ್ಲ. ಆ ಬುಧವಾರವೇ ಹನ್ನೊಂದನೆಯ ದಿನ!

ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, "ಆ ಭರಣಿ ಮುಟ್ಬೇಡಿ ಅಂತ ನಮ್ಮತ್ತೆಗೆ ಹೇಳಿ, ಬಂದು ಎಲ್ಲಾ ಹೇಳ್ತೀನಿ" ಎಂದು ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಫೋನು ಮಾಡೋಣ ಎಂದರೆ ನಮ್ಮಂಥವರ ಮನೆಯಲ್ಲಿ ಫೋನು ಎಲ್ಲಿತ್ತು? ಕುಣಿಗಲ್ ಬಸ್ಸು ನಿಂತಿತ್ತು, ಆದರೆ ಕಂಡಕ್ಟರು ಜನ ತುಂಬಲಿ ಎಂದು ಬೀಡಿ ಸೇದುತ್ತಾ ನಿಂತಿದ್ದ. "ಬಸ್ ಬುಡ್ತೀರೋ ಇಲ್ವೋ? ಅಲ್ಲಿ ಕೂಸಿನ್ ಜೀವ ಹೋಗೋ ಹಂಗಿದೆ!" ಎಂದು ಕಿರುಚಿದೆ. ಬಸ್ಸೆಲ್ಲ ತಿರುಗಿ ನೋಡಿತು. ಅವನು ಬೀಡಿ ಎಸೆದು ಸೀಟಿ ಊದಿದ. ನನ್ನ ಬಾಯಿ ಜೋರು ಎಂದು ಬೈಯುವವರು ಆ ದಿನವನ್ನು ನೆನೆಸಿಕೊಳ್ಳಬೇಕು. ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ಕುಣಿಗಲ್ಲಿನಲ್ಲಿ ಇಳಿದು ಓಡುತ್ತಲೇ ಮನೆ ಸೇರಿದೆ. ನೀರು ಹಾಕಿ ಆಗಿತ್ತು. ತಂಗಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಮಗು ಪಕ್ಕದಲ್ಲಿ ಮಲಗಿತ್ತು. ತಂಗಿಯ ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಲೇಹ್ಯ. ಅಮ್ಮ ಸೊಂಟದ ಮೇಲೆ ಕೈ ಇಟ್ಟು ಎದುರಿಗೆ ನಿಂತಿದ್ದಳು.

"ಬಾಯಿಗ್ ಹಾಕ್ಬೇಡ ಕಣೇ!" ಎಂದು ಬಾಗಿಲಿನಿಂದಲೇ ಕೂಗಿದೆ.

ಹೋಗಿ ಅವಳ ಅಂಗೈಯಿಂದ ಲೇಹ್ಯ ಕಿತ್ತುಕೊಂಡೆ. "ಎಷ್ಟ್ ತಿಂದೆ? ನಿಜ ಹೇಳು, ಎಷ್ಟ್ ತಿಂದೆ?"

"ಎಲ್ ತಿಂದ್ಲು?" ಎಂದು ಅಮ್ಮ ರೇಗಿದಳು. "ಅರ್ಧ ಗಂಟೆಯಿಂದ ಕೈಲೇ ಇಟ್ಕೊಂಡ್ ಕೂತವ್ಳೆ. ಶುಂಠಿ ಘಾಟು, ಆಮೇಲ್ ತಿಂತೀನಿ ಅಂತಾಳೆ. ನೀನಾದ್ರೂ ಬುದ್ಧಿ ಹೇಳು."

ಬುದ್ಧಿ! ನಾನು ತಂಗಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಚಿಕ್ಕಂದಿನಿಂದ ಖಾರ, ಕಹಿ ಯಾವುದನ್ನೂ ಮುಟ್ಟದ ಅವಳ ಹಠವನ್ನು ಬೈದು ಬೈದು ಸಾಕಾದವಳು ನಾನೇ. ಇಡೀ ಲೇಹ್ಯವನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತೆ. "ಅಷ್ಟು ತುಪ್ಪ ಮಣ್ಣು ಮಾಡ್ತೀಯಲ್ಲೇ!" ಎಂದು ಅಮ್ಮ ಬಾಯಿ ಬಡಿದುಕೊಂಡಳು. ಖಾಲಿ ಕವರನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಅದರಲ್ಲೂ ನಾಲ್ಕಕ್ಷರ ಬಿಟ್ಟರೆ ಮಿಕ್ಕಿದ್ದೆಲ್ಲ ಮಾಯ. ಅಮ್ಮ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಅದು ಕಣ್ಣು ಬಿಟ್ಟು ಒಂದು ಸಲ ಆಕಳಿಸಿ ಮತ್ತೆ ಮಲಗಿತು. ಆಗ ನನ್ನ ಹೊಟ್ಟೆ ತಣ್ಣಗಾಯಿತು.

ಸಂಜೆ ತುಮಕೂರಿಗೆ ವಾಪಸ್ಸು ಬರುವಾಗ ಇನ್ನೊಂದು ಭಯ. ಅತ್ತೆಗೆ ಏನು ಹೇಳುವುದು? ಮೂರು ವರ್ಷದಲ್ಲಿ ಮೊದಲ ಸಲ ಅವರು ನಂಬಿ ಕೊಟ್ಟ ಕೆಲಸ ಇದು. ಬಾಗಿಲಲ್ಲೇ ಸಿಕ್ಕ ಯಜಮಾನರು ವಿಷಯ ಕೇಳಿ, "ನಿನ್ ತಂಗಿ ಗಂಡ ಬಸ್ಸಲ್ಲಿ ಬೀಳಿಸ್ಕೊಂಡ್ನಂತೆ ಅಂದ್ಬುಡು, ಸುಮ್ನೆ ಯಾಕೆ ಬೈಸ್ಕೋತೀಯ" ಎಂದು ಪಿಸುಗುಟ್ಟಿದರು. ಅವರ ಮೇಲೂ ಸಿಟ್ಟು ಬಂತು. ನೇರ ಒಳಗೆ ಹೋಗಿ, ಕವರು ತಿರುವಿದ್ದು, ಆರಲು ಬಿಡದೆ ಬಿಸಿಬಿಸಿ ಸುರಿದದ್ದು, ಎಲ್ಲವನ್ನೂ ಅತ್ತೆಯ ಮುಂದೆ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿದ್ದು ಎರಡೇ ಮಾತು.

"ತಂಗಿ ತಿಂದ್ಲಾ?"

"ಇಲ್ಲ ಅತ್ತೆ."

ಅತ್ತೆ ಎದ್ದು ನಮ್ಮ ಹಿತ್ತಲಲ್ಲೂ ಒಂದು ಗುಂಡಿ ತೋಡಿ ಭರಣಿಯಲ್ಲಿದ್ದುದನ್ನು ಸುರಿದು ಬಂದರು. ಮರುದಿನ ಬೆಳಗ್ಗೆ ಹೊಸದಾಗಿ ಬಾಣಲೆ ಇಟ್ಟರು. ನಾನು ಬೈಗುಳಕ್ಕೆ ಕಾಯುತ್ತಾ ಪಕ್ಕದಲ್ಲೇ ಕೂತು ಶುಂಠಿ ಕುಟ್ಟಿದೆ. ಮಧ್ಯಾಹ್ನ ಲೇಹ್ಯ ಆರಿದ ಮೇಲೆ ಅವರು ಎಲೆಗಳನ್ನೂ ನಾರನ್ನೂ ನನ್ನ ಮುಂದೆ ತಳ್ಳಿದರು.

"ಕಟ್ಟು."

"ನಾನಾ? ಬ್ಯಾಡ ಅತ್ತೆ. ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ."

"ಇಷ್ಟ್ ವರ್ಷ ಎಷ್ಟ್ ಮನೆಗೆ ಕಟ್ ಕಳ್ಸಿದೀನಿ. ಕಳಿಸ್ ಬುಟ್ಟು ಮರ್ತ್ಬುಡ್ತಿದ್ದೆ ಕಣೇ. ತಿಂದೋರ್ ಏನಾದ್ರು ಅಂತ ಬಸ್ ಹತ್ತಿ ಓಡಿದ್ದು ಈ ಮನೇಲಿ ನೀನೊಬ್ಳೇ. ಇನ್ಮೇಲೆ ಕಟ್ಟೋದು ನೀನೇ."

ನಾನು ಎಲೆಯನ್ನು ಕೆಂಡದ ಮೇಲೆ ಹಿಡಿದೆ. ಎಲ್ಲಿ ಸೀಳುತ್ತದೋ ಎಂದು ಮತ್ತೆ ಮತ್ತೆ ತಿರುವಿ ನೋಡಿದೆ. ಅತ್ತೆ ನೋಡಿದರೂ ನೋಡದವರ ಹಾಗೆ ಎದ್ದು ಹಿತ್ತಲಿಗೆ ಹೋದರು, ನಾನು ಕಟ್ಟಿ ಮುಗಿಸುವ ತನಕ ಒಳಗೆ ಬರಲೇ ಇಲ್ಲ.