ಕಬ್ಬಿನ ಕೂಳೆ ಮತ್ತು ಅಣ್ಣನ ಅಂಗಾಲು

ಚಿಮ್ಮಡದಲ್ಲಿ ನನ್ನನ್ನು ಜಗಳಗಂಟಿ ಎನ್ನುವವರು ಬಹಳ. ನಾನೂ ಅಲ್ಲಗಳೆಯುವುದಿಲ್ಲ. ಗಂಡಸರನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ.

ನಮ್ಮ ಆಲೆಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಬೆಲ್ಲವೆಂದರೆ ಲಕ್ಷ್ಮಿ. ಅಣ್ಣನಂತೂ ಈ ಮಡಿಯನ್ನು ಕಬ್ಬಿನ ಹೊಲದವರೆಗೂ ಒಯ್ದಿದ್ದಾನೆ. ಮೊನ್ನೆ ಅಲ್ಲಿ ಬರಿಗಾಲಲ್ಲಿ ನಡೆಯುವಾಗ, ಕಡಿದ ಕಬ್ಬಿನ ಚೂಪು ಕೂಳೆ ಅವನ ಅಂಗಾಲಿಗೆ ಆಳವಾಗಿ ಚುಚ್ಚಿತು. ಗಾಯಕ್ಕೆ ಒಲೆಯ ಬೂದಿ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಬೆಲ್ಲ ತಿರುವಲು ನಿಂತ.

"ಸೂಜಿ ಮಾಡಿಸ್ಕೊಳ್ಳಾಕ ನಡಿ ಅಣ್ಣಾ," ಎಂದೆ.

"ಜಂಗ ಹಿಡದ ಮೊಳಿ ಚುಚ್ಚಿದ್ರ ಸೂಜಿ ಬೇಕು. ಇದು ಕಬ್ಬು, ತಂಗಿ."

ಧನುರ್ವಾಯು ತುಕ್ಕಿನಲ್ಲಷ್ಟೇ ಇರುತ್ತದೆಂದು ನಮ್ಮ ಕಡೆ ಗಟ್ಟಿ ನಂಬಿಕೆ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಒಳಹೋಗಲು ಒಂದು ಆಳವಾದ ಗಾಯ ಸಾಕು. ಮನೆಯ ಹೆಂಗಸರಿಗೆಲ್ಲ ಬಸಿರಾದಾಗ ಚುಚ್ಚುಮದ್ದು ಆಗಿತ್ತು. ಅರವತ್ತಾದರೂ ಅಣ್ಣನಿಗೆ ಆ ಭಾಗ್ಯ ಒದಗಿರಲಿಲ್ಲ.

ಈಗ ನಗುತ್ತ ಬರೆಯುತ್ತಿದ್ದೇನೆ. ಅಂದು ಜೀವ ಹೋದಷ್ಟು ಹೆದರಿದ್ದೆ. ನಮ್ಮಪ್ಪ ಇದರಲ್ಲೇ ಹೋದ. ಮೈ ಬಿಲ್ಲಿನಂತೆ ಸೆಟೆದು ದವಡೆ ಬಿಗಿದಿತ್ತು. ಅವ್ವ ಹಿಡಿದ ಚಮಚದ ನೀರು ಅವನ ತುಟಿ ದಾಟಲಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡೇ ಆಲೆಮನೆಯೊಳಗೆ ಹೋಗಿ ಕುದಿಯುವ ಕಡಾಯಿಯ ಪಕ್ಕ ನಿಂತೆ. ಆಳುಗಳು ಕೆಲಸ ಬಿಟ್ಟು ನೋಡತೊಡಗಿದರು.

"ಲಕ್ಷ್ಮಿ ಇರೂ ಜಾಗಾ ಬೇ ಇದು. ಚಪ್ಪಲಿ ತಗಿ," ಅಣ್ಣ ಗದರಿದ.

"ನೀ ದವಾಖಾನಿಗೆ ಬರೂತನಾ ತಗಿಯೂದಿಲ್ಲ. ಬೆಲ್ಲ ಸೀದ್ರ ಸೀಯಲಿ."

ಅವನು ಕಡಾಯಿ ನೋಡಿದ, ನನ್ನ ಕಾಲು ನೋಡಿದ. ತಿರುವುವ ಕೋಲನ್ನು ಆಳಿನ ಕೈಗಿತ್ತು, ಬೈಯುತ್ತ ಕುಂಟುತ್ತ ಹೊರಬಿದ್ದ.

ಬನಹಟ್ಟಿಯ ಡಾಕ್ಟರು ಬೂದಿಯನ್ನೆಲ್ಲ ತೆಗೆದು, ಸೋಪು ನೀರಿನಿಂದ ಗಾಯ ತೊಳೆದು, ಚುಚ್ಚುಮದ್ದು ಕೊಟ್ಟರು. "ಇಷ್ಟಕ್ಕ ಮುಗೀಲಿಲ್ರಿ ಯಜಮಾನ್ರ, ಉಳಿದ ಡೋಸಿಗೂ ಬರಬೇಕು," ಎಂದರು. ಅಣ್ಣ ನನ್ನತ್ತ ದುರುಗುಟ್ಟಿ ನೋಡಿದ. ನಾನೂ ಅಷ್ಟೇ ದುರುಗುಟ್ಟಿದೆ.

"ಬರ್ತೇನ್ರಿ," ಎಂದ.

ವಾಪಸು ಬರುವಾಗ ಆಟೋದಲ್ಲಿ ಗೊಣಗಿದ: "ಲಕ್ಷ್ಮಿ ಸಿಟ್ಟಾಗ್ಯಾಳ ನೋಡು."

"ಆಗಲಿ ಬಿಡು. ಅಕಿ ಸಿಟ್ಟಾದ್ರ ಕಾಯಿ ಒಡದು ಕೈ ಮುಗಿಯೂಣು. ಧನುರ್ವಾಯು ಬಂದ್ರ ಯಾರ ಮುಂದ ಕಾಯಿ ಒಡೀಲಿ?"

ಉತ್ತರ ಕೊಡಲು ಬಾಯಿ ತೆರೆದ. ಏನೂ ಹೊಳೆಯದೆ ಮುಚ್ಚಿದ. ಅಪ್ಪನ ದವಡೆಯಂತೆ ಬಿಗಿಯದೆ ಹಾಗೆ ತೆರೆದು ಮುಚ್ಚುವ ಬಾಯಿ ಕಂಡೆ, ನನಗೆ ಅಷ್ಟೇ ಬೇಕಿತ್ತು.